ಸಿಂಚನ ಹೌದು ಅಂದಳು

ಮೂಲದರ್ಶಿ ಎಂಬ ಹೊರದೇಶದ ಯಂತ್ರ ದಾವಣಗೆರೆಗೆ ಬಂದ ಮೇಲೆ ಮಕ್ಕಳ ಕೇಸುಗಳಲ್ಲಿ ವಕೀಲರ ಗಂಟಲಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು. ಅದಕ್ಕೆ ಮುಂಚೆ, ದೊಡ್ಡವರೊಬ್ಬರು ಹಿಂಸೆ ಕೊಟ್ಟರು ಎಂದು ಐದು ವರ್ಷದ ಕೂಸು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟರೆ, ಒಂದು ಕರಿಕೋಟು ‘ಮಕ್ಕಳು ಸುಳ್ಳು ಹೇಳುವುದಿಲ್ಲ’ ಎಂದು ಗುಡುಗುತ್ತಿತ್ತು, ಇನ್ನೊಂದು ಕರಿಕೋಟು ‘ಯಾರೋ ಹೇಳಿಕೊಟ್ಟಿದ್ದಾರೆ’ ಎಂದು ಗುಡುಗುತ್ತಿತ್ತು. ಎಷ್ಟೋ ಸಲ ಇಬ್ಬರ ಮಾತೂ ನಿಜವಾಗಿರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಮಗು ಬೇಕೆಂದು ಸುಳ್ಳು ಹೇಳುವುದಿಲ್ಲ. ಆದರೆ ಅಮ್ಮ, ಅಜ್ಜಿ, ಟೀಚರು, ಪೊಲೀಸರು ಸರದಿಯ ಮೇಲೆ ಕೂರಿಸಿಕೊಂಡು ‘ಹಿಂಗೆ ಮಾಡಿದ್ರಾ? ಹಂಗೆ ಮಾಡಿದ್ರಾ?’ ಎಂದು ಕೇಳಿದರೆ, ಆ ಪ್ರಶ್ನೆಯೇ ತಲೆಯೊಳಗೆ ಹೋಗಿ ನೆನಪಾಗಿ ಕೂತುಬಿಡುತ್ತದೆ. ಆಮೇಲೆ ಅದನ್ನು ಬೇರ್ಪಡಿಸಲು ಬ್ರಹ್ಮನಿಂದಲೂ ಆಗುವುದಿಲ್ಲ.

ಬ್ರಹ್ಮನಿಂದ ಆಗದ್ದನ್ನು ಯಂತ್ರ ಮಾಡುತ್ತೇನೆಂದಿತು. ಅದರ ತತ್ವ ತೀರ ಕಷ್ಟದ್ದಲ್ಲ. ಮನುಷ್ಯ ತಾನು ಅನುಭವಿಸಿದ್ದನ್ನು ನೆನೆಯುವಾಗ ಮಾತಿಗಿಂತ ಮೊದಲು ಮೈ ನೆನೆಯುತ್ತದೆ. ವಾಸನೆ, ಸ್ಪರ್ಶ, ನಿಂತ ಭಂಗಿ ಇವುಗಳ ಕೇಂದ್ರಗಳು ಮಿದುಳಿನಲ್ಲಿ ಒಂದು ಕ್ಷಣ ಮುಂಚೆ ಮಿಡಿದು, ಆಮೇಲೆ ಶಬ್ದ ಹುಟ್ಟುತ್ತದೆ. ಬೇರೆಯವರು ಹೇಳಿದ್ದನ್ನು ನೆನೆಯುವಾಗ ಮೊದಲು ಮಿಡಿಯುವುದು ಕಿವಿಯ ಕೇಂದ್ರ. ಬಿದಿರ ಬುಟ್ಟಿಯನ್ನು ಬೋರಲು ಹಾಕಿದಂಥ ಒಂದು ಟೋಪಿಯನ್ನು ಮಗುವಿನ ತಲೆಗಿಟ್ಟರೆ, ಯಾವುದು ಮೊದಲು ಮಿಡಿಯಿತೆಂದು ಪರದೆಯ ಮೇಲೆ ಗೆರೆ ಮೂಡುತ್ತಿತ್ತು. ಹಸಿರು ಬಂದರೆ ಕಂಡದ್ದು, ಹಳದಿ ಬಂದರೆ ಕೇಳಿದ್ದು. ಮಕ್ಕಳ ಸಾಕ್ಷ್ಯ ಕೇಂದ್ರದಲ್ಲಿ ಎಲ್ಲರೂ ಅದನ್ನು ಬುಟ್ಟಿ ಎಂದೇ ಕರೆಯುತ್ತಿದ್ದರು.

ಒಂದು ತೊಡಕಿತ್ತು. ಒಬ್ಬೊಬ್ಬರ ಮಿದುಳಿನ ಲಯ ಒಂದೊಂದು ಥರ. ಆದ್ದರಿಂದ ಪ್ರತಿ ಮಗುವಿಗೂ ಯಂತ್ರವನ್ನು ಮೊದಲು ಹೊಂದಿಸಬೇಕಿತ್ತು. ಖಂಡಿತ ನಡೆದದ್ದು ಎಂದು ಗೊತ್ತಿರುವ ಒಂದು ಘಟನೆಯನ್ನು ಮಗುವಿನ ಬಾಯಲ್ಲಿ ಹೇಳಿಸಿ, ‘ಈ ಮಗುವಿನ ಹಸಿರು ಹೀಗಿರುತ್ತದೆ’ ಎಂದು ಯಂತ್ರಕ್ಕೆ ಕಲಿಸುವುದು. ಕೇಂದ್ರದವರು ಇದಕ್ಕೆ ಶ್ರುತಿ ಮಾಡುವುದು ಎನ್ನುತ್ತಿದ್ದರು. ಯಂತ್ರ ಕಳಿಸಿದ ದೇಶದವರು ನಿಯಮವನ್ನೂ ಕಳಿಸಿದ್ದರು: ಮಗುವಿನ ಮೈಗೆ ಸಂಬಂಧಪಟ್ಟ ಒಂದು ಮುಖ್ಯ ಘಟನೆ ಇರಲಿ, ಅದಕ್ಕೆ ಫೋಟೋ ಇಲ್ಲವೆ ಇಬ್ಬರ ಸಾಕ್ಷಿ ಇರಲಿ.

ಅಲ್ಲಿನ ಸಂದರ್ಶಕಿ ದಾಕ್ಷಾಯಿಣಿ. ಮಕ್ಕಳನ್ನು ಪ್ರಶ್ನೆ ಕೇಳುವುದೇ ಅವಳ ಉದ್ಯೋಗ, ಅದರಲ್ಲಿ ಅವಳಷ್ಟು ಮಡಿವಂತೆ ಇನ್ನೊಬ್ಬಳಿರಲಿಲ್ಲ. ‘ಏನಾಯ್ತು?’ ‘ಆಮೇಲೆ?’ ಇವೆರಡನ್ನು ಬಿಟ್ಟು ಮೂರನೆಯ ಪ್ರಶ್ನೆ ಅವಳ ಬಾಯಿಂದ ಬರುವುದು ಅಪರೂಪ. ಸಿಂಚನ ಎಂಬ ಐದು ವರ್ಷದ ಹುಡುಗಿಯನ್ನೂ ಅವಳು ಹಾಗೆಯೇ ಕೇಳಿದ್ದಳು. ಸಿಂಚನಳ ಗೆರೆ ಹಸಿರು ಬಂದಿತ್ತು. ಅದರ ಮೇಲೆ ಹಾಲಮ್ಮ ಜೈಲು ಸೇರಿದ್ದಳು.

ಹಾಲಮ್ಮ ಶಿಶುವಿಹಾರದ ಆಯಾ. ಮಕ್ಕಳ ಮೂಗು ಒರೆಸುತ್ತ, ಚಡ್ಡಿ ತೊಳೆಯುತ್ತ ತಲೆ ನೆರೆಸಿಕೊಂಡವಳು. ಆಕೆ ಸಿಂಚನಳನ್ನು ಸಾಮಾನಿನ ಕತ್ತಲೆ ಕೋಣೆಗೆ ನೂಕಿ ಬಾಗಿಲು ಹಾಕುತ್ತಿದ್ದಳು, ಕಡ್ಡಿ ಗೀರಿ ಮುಖದ ಹತ್ತಿರ ಹಿಡಿಯುತ್ತಿದ್ದಳು ಎಂಬುದು ದೂರು. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೆ ಎಂದು ಬಡಾವಣೆಯೆಲ್ಲ ಮಾತಾಡಿತು. ಹಾಲಮ್ಮನ ಹತ್ತಿರ ಬೆಳೆದ ಮಕ್ಕಳು ದೊಡ್ಡವರಾಗಿ ಅದೇ ಬಡಾವಣೆಯಲ್ಲಿದ್ದರು, ಅವರೂ ಮಾತಾಡಿದರು. ತೀರ್ಪಿಗೆ ಒಂದು ವಾರ ಉಳಿದಿತ್ತು. ಶಿಕ್ಷೆಯಾಗುತ್ತದೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ದಾಕ್ಷಾಯಿಣಿಗೂ ಇರಲಿಲ್ಲ.

ಆ ಭಾನುವಾರ ಅವಳ ಮನೆಗೆ ಗಂಡನ ಸೋದರಮಾವ ಬಂದಿದ್ದರು. ದಾಕ್ಷಾಯಿಣಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗ ಚಿನ್ಮಯ ಬಾಗಿಲಲ್ಲಿ ನಿಂತಿದ್ದ. ನೆಂಟರು ಬಂದರೆ ಆ ಮನೆಯಲ್ಲಿ ಒಂದು ಕಾರ್ಯಕ್ರಮ ಖಾಯಂ. ಯಾವ ಮನೆಯಲ್ಲಿಲ್ಲ ಹೇಳಿ?

“ತಾತಂಗೆ ಹೇಳೋ, ನಿನ್ ಜವಳದಾಗೆ ಏನ್ಮಾಡ್ದೆ ಅಂತ,” ಎಂದಳು ದಾಕ್ಷಾಯಿಣಿ.

ಚಿನ್ಮಯ ಎದೆ ಸೆಟೆಸಿದ. “ಅವ್ನು ತಲೆಗೆ ನೀರು ಹಾಕಕ್ಕೆ ಬಂದ.”

“ನೀನು ಅವನ ಬಟ್ಟಲು...”

“ಕಿತ್ಕೊಂಡೆ!”

“ಕಿತ್ಕೊಂಡು ಅವನ ಮೈಮ್ಯಾಲೆ...”

“ಸುರಿದ್‍ಬಿಟ್ಟೆ! ಅವನ ಅಂಗಿ ಎಲ್ಲ ಒದ್ದೆ. ನೀರು ತಣ್ಣಗಿತ್ತು ತಾತ, ಅವ್ನು ಅಯ್ಯಪ್ಪಾ ಅಂದ.” ಹುಡುಗ ಕ್ಷೌರಿಕನಂತೆ ಹಾರಿಯೂ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಭಾರಿ ಘಾಟಿ ಅದೀಯಲ್ಲೋ!” ಎಂದರು ಮಾವ. “ಅವಾಗ ಎಷ್ಟು ವರ್ಷದೋನಿದ್ದೆ?”

ಚಿನ್ಮಯನಿಗೆ ಗೊತ್ತಿರಲಿಲ್ಲ. ಅವನು ಅಮ್ಮನ ಮುಖ ನೋಡಿದ.

“ಹನ್ನೊಂದು ತಿಂಗಳು ಮಾವಾರೆ. ಇನ್ನೂ ನಡೆಯಕ್ಕೇ ಬರ್ತಿರ್ಲಿಲ್ಲ,” ಎಂದಳು ದಾಕ್ಷಾಯಿಣಿ. ಹೇಳಿದ ಮೇಲೆ ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಹನ್ನೊಂದು ತಿಂಗಳ ಕೂಸಿಗೆ ನೀರು ತಣ್ಣಗಿದ್ದದ್ದು ನೆನಪಿರುತ್ತದೆಯೆ? ತಣ್ಣಗಿತ್ತು ಎಂದು ಯಾರು ಹೇಳಿದ್ದರು? ಅವಳೇ ಹೇಳಿದ್ದಳು, ಯಾವುದೋ ಮದುವೆ ಮನೆಯಲ್ಲಿ, ಕಥೆಗೆ ರುಚಿ ಬರಲಿ ಎಂದು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯೆದ್ದಿತು. ಗಂಡ ಬಂದು ಒಲೆ ಆರಿಸಿ, ಏನಾಯಿತೆಂದು ಕೇಳಿದ. ಏನೂ ಇಲ್ಲ ಎಂದಳು. ಹಿಟ್ಟಿನ ಕೈ ತೊಳೆದುಕೊಳ್ಳುತ್ತ ಸಿಂಚನಳ ಪರೀಕ್ಷೆಯನ್ನು ಮೊದಲಿನಿಂದ ನೆನೆದಳು.

ಏಕೆಂದರೆ ಸಿಂಚನಳಿಗೆ ಶ್ರುತಿ ಮಾಡಿದ್ದು ವರ್ಷ ತುಂಬುವ ಮೊದಲೇ ಕಿವಿ ಚುಚ್ಚಿಸಿದ ಘಟನೆಯ ಮೇಲೆ. ಅಕ್ಕಸಾಲಿಗರ ಅಂಗಡಿಯಲ್ಲಿ ಅವಳು ಅಕ್ಕಸಾಲಿಗನ ಬೆರಳು ಕಚ್ಚಿದ್ದಳು. ಫೋಟೋ ಇತ್ತು, ಸಾಕ್ಷಿಗೆ ಇಬ್ಬರಲ್ಲ, ಇಪ್ಪತ್ತು ಜನ ಸಿಗುತ್ತಿದ್ದರು. ನೋವಾದದ್ದನ್ನು ಯಾರು ಮರೆಯುತ್ತಾರೆ ಎಂದು ಕೇಂದ್ರದಲ್ಲಿ ಎಲ್ಲರೂ ಒಪ್ಪಿದ್ದರು. ಸಿಂಚನಳದೊಂದೇ ಅಲ್ಲ. ಮಗುವಿನ ಮೈಗೆ ಸಂಬಂಧಪಟ್ಟ ಮುಖ್ಯ ಘಟನೆ, ಜೊತೆಗೆ ಫೋಟೋ ಎಂದರೆ ಈ ಸೀಮೆಯ ತಂದೆತಾಯಿಗಳು ಇನ್ನೇನು ಕೊಡುತ್ತಾರೆ? ಅರ್ಧಕ್ಕರ್ಧ ಮಕ್ಕಳಿಗೆ ಜವಳ, ಉಳಿದರ್ಧಕ್ಕೆ ಕಿವಿ ಚುಚ್ಚಿದ್ದು. ಯಂತ್ರ ಮಾಡಿದವರ ದೇಶದಲ್ಲಿ ಹಾಲುಗಲ್ಲದ ಕೂಸನ್ನು ಹಿಡಿದು ತಲೆ ಬೋಳಿಸಿ, ಕಿವಿ ಚುಚ್ಚಿ, ಆ ಕಥೆಯನ್ನು ಅದೇ ಕೂಸಿನ ಬಾಯಲ್ಲಿ ನೆಂಟರ ಮುಂದೆ ನೂರು ಸಲ ಹೇಳಿಸುವುದಿಲ್ಲ. ಅವರ ನಿಯಮ ಅವರಿಗೆ ಸರಿಯಿತ್ತು. ಇಲ್ಲಿ ಘಟನೆ ನಡೆದದ್ದು ನಿಜವೆ ಎಂದು ಎಲ್ಲರೂ ಪರೀಕ್ಷಿಸಿದರು. ಅದು ಮಗುವಿಗೆ ನೆನಪಿರುವುದು ನಿಜವೆ ಎಂದು ಒಬ್ಬರೂ ಕೇಳಲಿಲ್ಲ. ಹೀಗೆ ಕೇಳಿದ್ದರ ಲಯವನ್ನೇ ಹಸಿರು ಎಂದು ಯಂತ್ರಕ್ಕೆ ಕಲಿಸಿಬಿಟ್ಟಿದ್ದರು.

ಸೋಮವಾರ ಬೆಳಗ್ಗೆ ಅವಳು ಬುಟ್ಟಿಯನ್ನು ತನ್ನ ತಲೆಗೇ ಹಾಕಿಕೊಂಡಳು. ಯಂತ್ರ ನಡೆಸುವ ಫಯಾಜ್ ಇದೇನು ಹುಚ್ಚು ಎನ್ನುವಂತೆ ನೋಡಿದ. ಮೊದಲು ಭಾನುವಾರದ ಸೀದ ರೊಟ್ಟಿಯ ಮೇಲೆ ಶ್ರುತಿ ಮಾಡಿಸಿ, ತನ್ನ ಕಿವಿ ಚುಚ್ಚಿಸಿದ ಕಥೆ ಹೇಳಿದಳು. ತಾಯಿ ಸಾಯುವ ತನಕ ಹೇಳುತ್ತಿದ್ದ ಕಥೆ ಅದು. ಗೆರೆ ಹಳದಿ ಬಂತು. ಆಮೇಲೆ ಅದೇ ಕಿವಿಯ ಕಥೆಯ ಮೇಲೆ ಶ್ರುತಿ ಮಾಡಿಸಿ, ತಾನು ಹುಟ್ಟುವ ಮೊದಲೇ ನಡೆದ ಅಜ್ಜಿಯ ಮದುವೆಯ ಮೆರವಣಿಗೆಯನ್ನು ವರ್ಣಿಸಿದಳು. ಯಂತ್ರ ಒಂದು ಚೂರೂ ಅನುಮಾನವಿಲ್ಲದೆ ಹಚ್ಚ ಹಸಿರು ಗೆರೆ ಎಳೆಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಮನುಷ್ಯರಲ್ಲಿ ಮಾತ್ರ ಇದ್ದಾರೆ ಎಂದು ಫಯಾಜ್ ಅಲ್ಲಿಯವರೆಗೆ ತಿಳಿದಿದ್ದ.

“ಮೇಡಂ, ಹಂಗಾದ್ರೆ ನಾವು ಇಷ್ಟು ದಿನ...” ಎಂದ ಅವನು.

“ಹೂಂ,” ಎಂದಳು ದಾಕ್ಷಾಯಿಣಿ.

ಕೇಂದ್ರದ ನಿರ್ದೇಶಕ ಡಾ. ಮುರುಗೇಂದ್ರಪ್ಪ ಕೆಟ್ಟವರಲ್ಲ. ಎರಡೂ ಗೆರೆಗಳನ್ನು ನೋಡಿ, ಕನ್ನಡಕ ತೆಗೆದು, ಬಹಳ ಹೊತ್ತು ಕಣ್ಣು ಒತ್ತಿಕೊಂಡರು.

“ಒಂದು ಕೆಲಸ ಮಾಡಾಣ,” ಎಂದರು. “ಆ ಹುಡುಗಿದು ಮತ್ತೊಮ್ಮೆ ಪರೀಕ್ಷೆ ಮಾಡ್ರಿ. ಯಂತ್ರದಾಗೆ ಏನೋ ದೋಷ ಇತ್ತು ಅಂತ ಕೋರ್ಟಿಗೆ ಬರಿಯಾಣ. ಆ ಅಮ್ಮ ಹೊರಗೆ ಬರ್ತಾಳೆ. ಅಷ್ಟಕ್ಕೆ ಸಾಕು.”

“ಉಳಿದೋರು ಸಾರ್?”

“ಉಳಿದೋರಲ್ಲಿ ನಿಜವಾಗ್ಲೂ ಮಾಡ್ದೋರು ಎಷ್ಟು ಜನ ಇಲ್ಲ? ಆ ಟ್ಯೂಶನ್ ಮೇಷ್ಟ್ರನ್ನ ಮರ್ತ್ರಾ? ಅವ್ನೂ ಹೊರಗೆ ಬರ್ತಾನೆ. ಮೊದ್ಲು ಬರೋನೇ ಅವ್ನು, ದುಡ್ಡಿರೋ ವಕೀಲನ್ನ ಇಟ್ಕಂಡಾನೆ.”

“ಎಲ್ಲ ಮಕ್ಕಳನ್ನೂ ಮತ್ತೆ ಕೇಳಾಣ ಸಾರ್. ಸರಿಯಾಗಿ ಶ್ರುತಿ ಮಾಡಿ ಕೇಳಾಣ.”

“ಏನಂತ ಕೇಳ್ತೀರಿ?” ಎಂದರು ಅವರು, ಬೈಯುವ ದನಿಯಲ್ಲಲ್ಲ. “ವರ್ಷಗಟ್ಲೆ ಆಯ್ತು. ಮನೇಲಿ, ಕೋರ್ಟಲ್ಲಿ, ನೆಂಟರ ಮುಂದೆ ಅದೇ ಕಥೆ ಹೇಳಿ ಹೇಳಿ ಆ ಮಕ್ಕಳಿಗೆ ಕಂಡಿದ್ದೂ ಈಗ ಕೇಳಿದ್ದೇ ಆಗಿರ್ತೈತಿ. ಸುಳ್ಳೂ ಹಳದಿ, ನಿಜವೂ ಹಳದಿ. ಆಮೇಲೆ?”

ಟ್ಯೂಶನ್ ಮೇಷ್ಟರ ಕೇಸಿನ ಹುಡುಗ ದಾಕ್ಷಾಯಿಣಿಗೆ ಚೆನ್ನಾಗಿ ನೆನಪಿದ್ದ. ಅವನು ಹೇಳಿದ್ದು ನಿಜವೆಂದು ಅವಳಿಗೆ ಯಂತ್ರವಿಲ್ಲದೆಯೂ ಗೊತ್ತಿತ್ತು. ಆದರೆ ಹಾಲಮ್ಮ ಅಪರಾಧಿ ಎಂದೂ ಅವಳಿಗೆ ಅಷ್ಟೇ ಚೆನ್ನಾಗಿ ಗೊತ್ತಿತ್ತಲ್ಲ! ನಿರ್ದೇಶಕರ ಉಪಾಯದಲ್ಲಿ ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ. ಅವಳಿಗೆ ಕೋಲಿನ ಮೇಲೆಯೇ ನಂಬಿಕೆ ಹೋಗಿತ್ತು. ಸಿಂಚನಳ ಪರೀಕ್ಷೆ ಮುಗಿದ ದಿನವೇ ಎಲ್ಲವನ್ನೂ ಕೋರ್ಟಿಗೆ ಬರೆಯುತ್ತೇನೆ ಎಂದು ಹೇಳಿ ಎದ್ದಳು. ಅವರು ತಡೆಯಲಿಲ್ಲ, ಆದರೆ ಅವತ್ತಿನಿಂದ ಅವಳ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು.

ಸಿಂಚನಳ ತಾಯಿ ನಿವೇದಿತಾ ಕೈಗೂಸನ್ನು ಎತ್ತಿಕೊಂಡು ಬಂದಳು. ಮತ್ತೆ ಪರೀಕ್ಷೆ ಎಂದಾಗ ಅವಳ ಮುಖ ಕೆಂಪಾಯಿತು.

“ನನ್ನ ಮಗಳು ಸುಳ್ಳು ಹೇಳಿದಾಳೆ ಅಂತೀರಾ ಮೇಡಂ?”

“ಇಲ್ಲಮ್ಮ. ಸಿಂಚನ ಸುಳ್ಳು ಹೇಳಿಲ್ಲ. ನಮ್ಮ ಯಂತ್ರ ತಪ್ಪಾಗಿ ಕೇಳಿಸ್ಕೊಂಡಿದೆ ಅಂತ ನಮ್ಮ ಅನುಮಾನ.”

“ನಂಗೊಂದೂ ಅರ್ಥ ಆಗಲ್ಲ. ಆ ಹೆಂಗಸು ಹೊರಗೆ ಬಂದ್ರೆ ನಾನಂತೂ ಈ ಊರಲ್ಲಿರಲ್ಲ,” ಎಂದು ನಿವೇದಿತಾ ಕಣ್ಣೊರೆಸಿಕೊಂಡಳು. ಬಾಣಂತನ ಇನ್ನೂ ಪೂರ್ತಿ ಮುಗಿಯದ ಮುಖ ಅದು. ಸಿಂಚನ ಹಾಸಿಗೆ ಒದ್ದೆ ಮಾಡಲು ಶುರುಮಾಡಿದ್ದು, ದೀಪ ಆರಿಸಿದರೆ ಕಿರುಚಲು ಶುರುಮಾಡಿದ್ದು ತಮ್ಮ ಹುಟ್ಟುವ ಹೊತ್ತಿನಲ್ಲೇ ಎಂದು ದಾಕ್ಷಾಯಿಣಿ ಅವತ್ತು ಗಮನಿಸಿದಳು. ಮೊದಲ ಸಲವೂ ಅದು ಗೊತ್ತಿದ್ದ ಸಂಗತಿಯೇ. ಹಸಿರು ಗೆರೆ ಕಣ್ಣೆದುರಿಗಿದ್ದಾಗ ಬೇರೆ ಬಣ್ಣ ನೋಡಬೇಕು ಎನಿಸಿರಲಿಲ್ಲ.

ಈ ಸಲ ಶ್ರುತಿಗೆ ಫೋಟೋ ಕೇಳಲಿಲ್ಲ. ಸಿಂಚನಳನ್ನು ಕೇಂದ್ರದ ಹಿತ್ತಲಿಗೆ ಕರೆದುಕೊಂಡು ಹೋಗಿ, ಒಂದು ಬೋಗುಣಿಯಲ್ಲಿ ಕೆಸರು ಕಲಸಿಕೊಟ್ಟು, ಬೇಕಾದ್ದು ಮಾಡಿಕೋ ಎಂದು ಬಿಟ್ಟಳು. ಜೊತೆಯಲ್ಲಿ ಯಾರೂ ಮಾತಾಡಲಿಲ್ಲ. ಮಗು ಅಲ್ಲಿ ಏನು ಮಾಡಿತೆಂದು ಮನೆಯವರಿಗೆ ಹೇಳಲಿಲ್ಲ, ಕೇಳಬೇಡಿ ಎಂದು ಆಣೆಯಿಟ್ಟು ಕಳಿಸಿದರು. ಮೂರು ದಿನ ಬಿಟ್ಟು ಬುಟ್ಟಿಯ ಕೆಳಗೆ ಕೂತ ಸಿಂಚನ, ಕೆಸರು ಉಗುರೊಳಗೆ ಹೋದದ್ದು, ಒಂದು ಎರೆಹುಳ ಸಿಕ್ಕಿದ್ದು, ಅದನ್ನು ಯಾರಿಗೂ ಹೇಳದೆ ಜೇಬಿಗೆ ಹಾಕಿಕೊಂಡದ್ದು ಎಲ್ಲವನ್ನೂ ಹೇಳಿದಳು. ಎರೆಹುಳದ ವಿಷಯ ದಾಕ್ಷಾಯಿಣಿಗೂ ಗೊತ್ತಿರಲಿಲ್ಲ. ಇದಕ್ಕಿಂತ ಒಳ್ಳೆಯ ಶ್ರುತಿ ಸಿಗುವುದು ಸಾಧ್ಯವಿರಲಿಲ್ಲ.

ಗಾಜಿನ ಆಚೆ ನಿವೇದಿತಾ ಕೂತಿದ್ದಳು. ಅಲ್ಲಿಗೂ ಪರದೆ ಕಾಣುತ್ತಿತ್ತು, ಮಾತು ಕೇಳುತ್ತಿತ್ತು.

“ಶಾಲೆಯಲ್ಲಿ ಏನಾಯ್ತು ಸಿಂಚನ?”

“ಹಾಲಜ್ಜಿ ನನ್ನ ಕತ್ತಲೆ ರೂಮಿಗೆ ಹಾಕಿದ್ಳು.” ಪಾಠ ಒಪ್ಪಿಸುವಂತೆ ಸರಾಗವಾಗಿ ಬಂತು. ಗೆರೆ ಹಳದಿ.

“ಆಮೇಲೆ?”

“ಬಾಗ್ಲು ಹಾಕಿದ್ಳು. ಕಡ್ಡಿ ಗೀರಿ ಮುಖದ ಹತ್ರ ಇಟ್ಲು.” ಹಳದಿ. ಫಯಾಜ್ ಪರದೆಯನ್ನೇ ನೋಡುತ್ತಿದ್ದ.

“ಆಮೇಲೆ?”

ಸಿಂಚನ ಮೇಜಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು. ದಾಕ್ಷಾಯಿಣಿ ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ವಿದ್ಯೆ.

“ಕರೆಂಟ್ ಹೋಗಿತ್ತು,” ಎಂದಿತು ಮಗು. ಗೆರೆ ಅಲ್ಲಾಡಿ ಹಸಿರಾಯಿತು. “ಮನೇಲಿ. ಪಾಪು ಅಳ್ತಿತ್ತು. ಮಮ್ಮಿ ನನ್ನ ಚಾಪೆ ಮೇಲೆ ಕೂರಿಸ್ಕೊಂಡಿದ್ಳು. ಮಮ್ಮಿ ಕೈ ತುಂಬ ಬಿಸಿ ಇತ್ತು. ಹಾಲಜ್ಜಿ ಹೊಡಿತಾಳಾ ಅಂದ್ಳು. ನಾನು ಇಲ್ಲ ಅಂದೆ. ಮತ್ತೆ ಕೇಳಿದ್ಳು. ನಾನು ಇಲ್ಲ ಅಂದೆ. ಕತ್ತಲೆ ರೂಮಿಗೆ ಹಾಕ್ತಾಳಾ ಅಂತ ಕೇಳಿ ಮಮ್ಮಿ ಅತ್ಳು.” ಹಸಿರು, ಅಚ್ಚ ಹಸಿರು. “ನಾನು ಹೌದು ಅಂದೆ. ಮಮ್ಮಿ ಪಾಪುನ ಕೆಳಗೆ ಮಲಗ್ಸಿ ನನ್ನ ಎತ್ಕೊಂಡ್ಳು. ತುಂಬ ಹೊತ್ತು ಎತ್ಕೊಂಡಿದ್ಳು.”

ಇಡೀ ಕೇಸಿನಲ್ಲಿ ಆ ಮಗು ಸ್ವತಃ ಅನುಭವಿಸಿದ್ದು ಅದೊಂದೇ.

ದಾಕ್ಷಾಯಿಣಿ ತಿರುಗಿ ನೋಡಿದಾಗ ನಿವೇದಿತಾ ಕೂಸಿನ ಟೊಪ್ಪಿಗೆಯನ್ನು ಸರಿಮಾಡುತ್ತಿದ್ದಳು, ಸರಿಯಾಗಿದ್ದದ್ದನ್ನೇ ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಅವಳ ಮೇಲೆ ಸಿಟ್ಟು ಬರುತ್ತದೆ ಎಂದು ದಾಕ್ಷಾಯಿಣಿ ಅಂದುಕೊಂಡಿದ್ದಳು. ಬರಲಿಲ್ಲ. ಹೆದರಿದ ತಾಯಿ ಕೇಳದೆ ಇರುವುದು ಹೇಗೆ? ತಾನು ಆ ಚಾಪೆಯ ಮೇಲೆ ಕೂತಿದ್ದರೆ ತಾನೂ ಹಾಗೆಯೇ ಕೇಳುತ್ತಿದ್ದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹಾಲಮ್ಮ ಬಿಡುಗಡೆಯಾದಳು. ಹಳೆಯ ಕೇಸುಗಳನ್ನೆಲ್ಲ ಮತ್ತೆ ತೆರೆಯಬೇಕೆಂದು ಆದೇಶ ಬಂತು. ನಿರ್ದೇಶಕರು ಹೇಳಿದಂತೆಯೇ ಜಾಮೀನಿನ ಮೇಲೆ ಮೊದಲು ಹೊರಬಂದವನು ಟ್ಯೂಶನ್ ಮೇಷ್ಟ್ರು. ಹಾರ ಹಾಕಿಸಿಕೊಂಡ ಅವನ ಫೋಟೋ ಪೇಪರಿನಲ್ಲಿ ಬಂತು. ದಾಕ್ಷಾಯಿಣಿ ಆ ಪೇಪರನ್ನು ಎರಡು ಸಲ ಓದಿದಳು. ತಾನು ಮಾಡಿದ್ದು ಸರಿಯೆಂದೂ ಅನಿಸಿತು, ಆ ಹುಡುಗನಿಗೆ ಮೋಸ ಮಾಡಿದೆನೆಂದೂ ಅನಿಸಿತು. ಒಂದು ಇನ್ನೊಂದನ್ನು ಕಡಿಮೆ ಮಾಡಲಿಲ್ಲ.

ಕೆಲವು ದಿನಗಳಾದ ಮೇಲೆ ಹಾಲಮ್ಮ ಹೇಳಿಕೆ ಕೊಡಲು ಕೇಂದ್ರಕ್ಕೆ ಬಂದಳು. ಜೈಲಿನಲ್ಲಿ ಬಡವಾಗಿದ್ದಳು, ಆದರೆ ದನಿ ಹಾಗೇ ಇತ್ತು. ನಿವೇದಿತಾಳಿಗೆ ಹೇಗೋ ಗೊತ್ತಾಗಿ, ತಪ್ಪಾಯಿತು ಎಂದು ಹೇಳಲು ಅವಳೂ ಬಂದಳು. ಮಾಡಬಾರದ ಕೆಲಸವೆಂದರೆ ಸಿಂಚನಳನ್ನೂ ಕೈಹಿಡಿದು ತಂದಳು. ಮಗುವನ್ನು ನೋಡಿದರೆ ಅಜ್ಜಿಗೆ ಸಂತೋಷವಾಗುತ್ತದೆ ಎಂದು ಲೆಕ್ಕ ಹಾಕಿದ್ದಳು.

ಪಡಸಾಲೆಯಲ್ಲಿ ಹಾಲಮ್ಮನನ್ನು ಕಂಡದ್ದೇ ತಡ, ಸಿಂಚನ ಕಿಟಾರನೆ ಕಿರುಚಿ ಅಮ್ಮನ ಸೀರೆಯೊಳಗೆ ಮುಖ ಹುದುಗಿಸಿದಳು. ಅವಳ ಕಾಲಿನ ಹತ್ತಿರ ನೆಲ ಒದ್ದೆಯಾಯಿತು. ಆ ಹೊತ್ತಿನಲ್ಲಿ ಬುಟ್ಟಿ ಹಾಕಿ ನೋಡಿದ್ದರೆ ಆ ಹೆದರಿಕೆಗೆ ಹಸಿರು ಗೆರೆಯೇ ಬರುತ್ತಿತ್ತು. ಕಥೆ ಬೇರೆಯವರದು, ಹೆದರಿಕೆ ಮಾತ್ರ ಅವಳ ಸ್ವಂತದ್ದು. ಅದನ್ನು ತೆಗೆಯುವ ಯಂತ್ರ ಯಾರೂ ಮಾಡಿರಲಿಲ್ಲ.

ಹಾಲಮ್ಮ ಎರಡು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ಅವಳ ಕಣ್ಣು ಮೊದಲು ಹೋದದ್ದು ಒದ್ದೆಯಾದ ಫ್ರಾಕಿನ ಕಡೆ.

“ಬ್ಯಾಡ ಬಿಡವ್ವ, ಕೂಸು ಅಂಜೈತೆ,” ಎಂದಳು. “ನಾ ಆ ಕಡೆಯಿಂದ ಹೋಗ್ತೀನಿ. ಒಣಗಿದ್ದು ಹಾಕವ್ವ ಮೊದ್ಲು, ಶೀತ ಆಗ್ತೈತೆ.” ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಮರೆಮಾಡಿಕೊಂಡು, ಹಿತ್ತಲ ಬಾಗಿಲಿನ ಕಡೆಗೆ ನಡೆದಳು.

ನಿವೇದಿತಾ ಅಲ್ಲೇ ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಗಳ ಎರಡೂ ಕೆನ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡಳು.

“ಹಾಲಜ್ಜಿ ಒಳ್ಳೇರು ಅಲ್ವಾ ಪುಟ್ಟ? ನಿಂಗೆ ಏನೂ ಮಾಡೇ ಇಲ್ಲ ಅಲ್ವಾ? ಅವ್ರನ್ನ ಕಂಡ್ರೆ ನಿಂಗೆ ಭಾಳ ಪ್ರೀತಿ ಅಲ್ವಾ?”

ದಾಕ್ಷಾಯಿಣಿ ಬೇಡ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಸಿಂಚನ ತಲೆಯೆತ್ತಿ, ಅಳುತ್ತಿದ್ದ ಅಮ್ಮನ ಮುಖವನ್ನು ಚೆನ್ನಾಗಿ ನೋಡಿ, ಹೌದು ಅಂದಳು.